ಸಂಬಳದ ಕೆಲಸ, ಎಲ್ಲರ ಸ್ವತ್ತು

ಸಿರಿಗೆರೆಯವರಿಗೆ ಗಣಕಯಂತ್ರ ಅಪರಿಚಿತವಲ್ಲ. ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮೀಜಿಯವರು ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶದಲ್ಲಿ ಅಳವಡಿಸಿದ ಸಂಗತಿಯನ್ನು ಇಲ್ಲಿ ಓದಿದ ನೀವೆಲ್ಲ ಬಲ್ಲಿರಿ. ನಾನು ಇಂದು ಹೇಳಹೊರಟಿರುವುದು ಬೇರೊಂದು ತಂತ್ರಾಂಶದ ವಿಚಾರ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಹಳೆಯ ಶಿಷ್ಯನೊಬ್ಬ ಅದನ್ನು ನನಗೆ ಎರಡು ಸಂಜೆ ಕೂತು ವಿವರಿಸಿದ.

ದತ್ತಾಂಶ ಸಂಗ್ರಹಣೆಗೆಂದು 2005ರಲ್ಲಿ ಹುಟ್ಟಿದ ಕಂಪನಿ ಗ್ಲಸ್ಟರ್. ಅದರ ಎಂಜಿನಿಯರುಗಳಲ್ಲಿ ಅನೇಕರು ಬೆಂಗಳೂರಿನಲ್ಲಿ ಕೂತು ದುಡಿದವರು. ಹಲವು ಕಂಪ್ಯೂಟರುಗಳ ಡಿಸ್ಕುಗಳನ್ನು ಬೆಸೆದು ಒಂದೇ ದೊಡ್ಡ ಉಗ್ರಾಣದಂತೆ ತೋರಿಸುವುದು ಅವರ ತಂತ್ರಾಂಶದ ಕೆಲಸ. ಅದರ ಒಂದೊಂದು ಘಟಕಕ್ಕೆ ಅವರಿಟ್ಟ ಹೆಸರು ‘ಬ್ರಿಕ್’, ಅಂದರೆ ಇಟ್ಟಿಗೆ! ಯಾವ ಕಡತ ಎಲ್ಲಿದೆಯೆಂದು ಬರೆದಿಡುವ ಗುಮಾಸ್ತನೇ ಅಲ್ಲಿಲ್ಲ. ಕಡತದ ಹೆಸರನ್ನೇ ಗಣಿತಕ್ಕೆ ಒಳಪಡಿಸಿದರೆ ಅದು ಯಾವ ಇಟ್ಟಿಗೆಯಲ್ಲಿದೆ ಎಂಬುದು ತಿಳಿಯುತ್ತದೆ. ಶಾಲೆಯ ದಾಖಲಾತಿ ಪುಸ್ತಕಗಳ ಧೂಳು ಕುಡಿದ ನನಗೆ ಇದು ಬಹಳ ಹಿಡಿಸಿತು.

ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಉದ್ಯೋಗಿಯೊಬ್ಬ ಮಾಡಿದ ತಿದ್ದುಪಡಿಯನ್ನು ಮತ್ತೊಬ್ಬರು ಎಲ್ಲರೆದುರೇ ಪರಿಶೀಲಿಸಬೇಕು. ಒಪ್ಪಿಗೆಯಾದ ಮೇಲೆ ತಿದ್ದಿದವನ ಹೆಸರು, ದಿನಾಂಕಗಳ ಸಮೇತ ಅದು ದಾಖಲಾಗುತ್ತದೆ. ನಮ್ಮ ಮೌಲ್ಯಮಾಪನ ಕೇಂದ್ರಗಳಲ್ಲಿ ಇಷ್ಟು ಬೆಳಕು ಎಂದಾದರೂ ಇತ್ತೇ?

2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಕಂಪನಿ ಸುಮಾರು 13.6 ಕೋಟಿ ಡಾಲರಿಗೆ ಗ್ಲಸ್ಟರನ್ನು ಕೊಂಡಿತು. 2019ರಲ್ಲಿ ರೆಡ್ ಹ್ಯಾಟನ್ನೇ ಐಬಿಎಂ ಕೊಂಡಿತು. ರೆಡ್ ಹ್ಯಾಟ್ ಮಾರುತ್ತಿದ್ದ ಗ್ಲಸ್ಟರ್ ಉತ್ಪನ್ನಕ್ಕೆ ಬೆಂಬಲ 2024ರ ಕೊನೆಗೆ ಮುಗಿಯಿತು. ಆದರೆ ಮೂಲ ಸಂಕೇತ ಯಾವ ಬೀರುವಿಗೂ ಸೇರಲಿಲ್ಲ. ಇಂದಿಗೂ ಬಯಲಲ್ಲೇ ಇದೆ.

ನನ್ನ ಶಿಷ್ಯ ದುಡಿಯುವುದು ಇಂಥದೇ ಬೇರೊಂದು ಕಡೆ. ಅವನನ್ನೂ ಈಚೆಗೆ ಹಳೆಯ ಕೆಲಸದಿಂದ ಬಿಡಿಸಿ ಇನ್ನೊಂದಕ್ಕೆ ಹಾಕಿದ್ದಾರೆ. “ಸಂಬಳ ತಗೊಂಡು ಬರೆದದ್ದು ಸಾರ್, ನನ್ನ ಕೊಡುಗೆ ಅಂತ ಹೇಳಿಕೊಳ್ಳೋದು ಹೇಗೆ?” ಎಂದ. ನಾನೂ ತಿಂಗಳ ಸಂಬಳಕ್ಕೇ ಪಾಠ ಹೇಳಿದವನು; ಆ ಪಾಠ ನಿಮ್ಮಲ್ಲಿ ಉಳಿದಿದ್ದರೆ ಅದರ ಬಾಡಿಗೆಯನ್ನು ಯಾರೂ ಕೇಳುತ್ತಿಲ್ಲ. ಕಾಯಕಕ್ಕೆ ಕೂಲಿ ಪಡೆಯುವುದನ್ನು ಶರಣರು ನಿಂದಿಸಿದವರಲ್ಲ. ಅವನಿಗೆ ಅಷ್ಟನ್ನೇ ಹೇಳಿದೆ. ಆದರೆ ಕೆರೆ ಎಲ್ಲರದೆಂದ ಮಾತ್ರಕ್ಕೆ ಹೂಳು ತಾನಾಗಿ ಹೋಗುವುದಿಲ್ಲ. ಸಂಬಳ ನಿಂತ ಮೇಲೆ ಹೂಳೆತ್ತುವವರು ಯಾರು ಎಂದು ಅವನು ಮತ್ತೆ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಗ್ಲಸ್ಟರಿಗೆ ದುಡಿದವರಲ್ಲಿ ಅರವಿಂದ ವಿ.ಕೆ. ಎಂಬ ಕನ್ನಡಿಗರೊಬ್ಬರಿದ್ದಾರೆ. ದತ್ತಾಂಶವನ್ನು ದೂರದ ಊರಿನ ಕಂಪ್ಯೂಟರಿಗೂ ನಕಲು ಮಾಡಿಡುವ ಭಾಗದಲ್ಲಿ ಅವರ ಕೈಯಿದೆ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಕನ್ನಡ ಅಕ್ಷರಶೈಲಿಗಳೂ ಅವರವೇ. ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕವೊಂದನ್ನೂ ಮೂಲ ಸಂಕೇತದ ಸಮೇತ ಹಂಚಿದ್ದಾರೆ.

ಈ ಪರಿವರ್ತಕದ ಬೆಲೆ ನಿಮಗೆ ತಿಳಿಯಬೇಕಾದರೆ ನನ್ನ ಹಳೆಯ ಕಡತಗಳನ್ನು ನೋಡಬೇಕು. ಹಿಂದೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಊರಿನ ಹಿರಿಯರ ನೆನಪುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅರ್ಕಾವತ್ತಂತೂ ಹಳೆಯ ಕ್ರಮದಲ್ಲಿ ಅಕ್ಷರದ ಬೆನ್ನಿಗಿರುತ್ತದೆ. ಯೂನಿಕೋಡಿನಲ್ಲಿ ‘ರ್’ ಮುಂದೆ ಬರಬೇಕು. ಅದನ್ನೆಲ್ಲ ಪರಿವರ್ತಕ ಹೆಕ್ಕಿ ಸರಿಪಡಿಸುತ್ತದೆ. ಇಪ್ಪತ್ತೆರಡು ಬರಹಗಳು ಹೀಗೆ ಮರಳಿ ಕನ್ನಡವಾಗಿವೆ. ಒಂದೊಂದಾಗಿ ಇಲ್ಲಿ ಹಾಕುತ್ತೇನೆ. ಮೊದಲನೆಯದು ನಮ್ಮ ಹಾಸ್ಟೆಲಿನ ಅಡಿಗೆಯವರನ್ನು ಕುರಿತದ್ದು.