ಏಂಗೆದಿ: ಮರುಭೂಮಿಯ ಮಡಿಲಲ್ಲೊಂದು ಜಲಪಾತ



ಪುಣ್ಯನಾಡಿನ ಯಾತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆತ್ಲೆಹೇಮಿನ ಗವಿ, ನಜರೇತಿನ ದೇವಾಲಯ, ಗಲಿಲೇಯ ಸರೋವರ, ಜೆರುಸಲೇಮಿನ ಶಿಲುಬೆಯ ಹಾದಿ. ಇವನ್ನೆಲ್ಲ ದರ್ಶಿಸಿ ಬಂದವರನ್ನು "ಏಂಗೆದಿಗೆ ಹೋಗಿದ್ದಿರಾ?" ಎಂದು ಕೇಳಿದರೆ, ಅನೇಕರು "ಬಸ್ಸಿನ ಕಿಟಕಿಯಿಂದ ನೋಡಿದೆವು" ಎನ್ನುತ್ತಾರೆ. ಮೃತ ಸಮುದ್ರದಲ್ಲಿ ತೇಲುವ ಆತುರದಲ್ಲಿ ಈ ಕಣಿವೆಯನ್ನು ದಾಟಿ ಹೋಗಿಬಿಡುವುದೇ ಹೆಚ್ಚು. ಆದರೆ ಬರಗಾಲವನ್ನು ಬಲ್ಲ, ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ನಿಂತು ಆಕಾಶ ನೋಡಿದ ನಮ್ಮ ಗಡಿನಾಡಿನ ಕುಟುಂಬಗಳು ಇಳಿದು, ನಡೆದು ನೋಡಲೇಬೇಕಾದ ಜಾಗ ಅದು.

2019ರ ಅಕ್ಟೋಬರ್‌ನಲ್ಲಿ ನಾವು ನಲವತ್ತು ಮಂದಿ ಆ ಕಡೆಗೆ ಹೊರಟೆವು. ನಮ್ಮಲ್ಲಿ ಹೊಸೂರಿನ ಕಡೆಯವರಿದ್ದರು, ತಾಳವಾಡಿಯ ರೈತ ಕುಟುಂಬಗಳಿದ್ದವು, ಮಡಕಶಿರಾದ ಶಿಕ್ಷಕ ದಂಪತಿಗಳಿದ್ದರು. ಎಲ್ಲರ ಮನೆಮಾತು ಕನ್ನಡ.

ಇಳಿಯುತ್ತಾ ಇಳಿಯುತ್ತಾ

ಜೆರುಸಲೇಮ್ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮೃತ ಸಮುದ್ರದ ದಡವಾದರೋ ಸಮುದ್ರ ಮಟ್ಟಕ್ಕಿಂತ 430 ಮೀಟರ್‌ಗೂ ಕೆಳಗೆ. ಭೂಮಿಯ ಮೇಲೆ ಇದಕ್ಕಿಂತ ತಗ್ಗಾದ ಒಣನೆಲ ಇನ್ನೊಂದಿಲ್ಲ. ಬಸ್ಸು ಒಂದು ಗಂಟೆಯೊಳಗೆ ಇಷ್ಟೆಲ್ಲ ಇಳಿಯುವಾಗ ಕಿವಿ ಗುಂಯ್‌ಗುಟ್ಟುತ್ತದೆ. ಆಲಿವ್ ಮರಗಳು ಮರೆಯಾಗುತ್ತವೆ, ಹುಲ್ಲು ಮರೆಯಾಗುತ್ತದೆ, ಕೊನೆಗೆ ಬೂದಿ ಬಣ್ಣದ ಗುಡ್ಡಗಳು ಮಾತ್ರ ಉಳಿಯುತ್ತವೆ. ದಕ್ಷಿಣಕ್ಕೆ ತಿರುಗಿ, ಪುರಾತನ ಸುರುಳಿಗಳು ಸಿಕ್ಕ ಕುಮ್ರಾನ್ ಗವಿಗಳನ್ನು ದಾಟಿ, ಎಡಕ್ಕೆ ಉಪ್ಪಿನ ಸಮುದ್ರ ಬಲಕ್ಕೆ ಕಡಿದಾದ ಬಂಡೆಗೋಡೆ ಎಂಬಂತೆ ಸಾಗಿದರೆ ಏಂಗೆದಿ ಸಿಗುತ್ತದೆ. ಹಿಬ್ರೂ ಭಾಷೆಯಲ್ಲಿ ಆ ಹೆಸರಿನ ಅರ್ಥ 'ಮೇಕೆಮರಿಯ ಬುಗ್ಗೆ'.

ಇಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರ್‌ಗಿಂತಲೂ ಕಡಿಮೆ. ಹಾಗಿದ್ದರೆ ಜಲಪಾತಕ್ಕೆ ನೀರು ಎಲ್ಲಿಂದ? ಪಡುವಣದ ಜುದೇಯ ಬೆಟ್ಟಗಳ ಮೇಲೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳುತ್ತದೆ. ಹೆಚ್ಚುಕಡಿಮೆ ನಮ್ಮ ರಾಯದುರ್ಗ, ಮಡಕಶಿರಾದ ಮಳೆಯಷ್ಟೇ. ಆ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ, ನೆಲದೊಳಗೆ ವರ್ಷಗಟ್ಟಲೆ ನಡೆದು, ಮುಂದಕ್ಕೆ ದಾರಿ ಕಾಣದೆ ಈ ಬಂಡೆಗೋಡೆಯ ಬುಡದಲ್ಲಿ ಹೊರಗೆ ಚಿಮ್ಮುತ್ತದೆ. ಇಲ್ಲಿ ಹೀಗೆ ನಾಲ್ಕು ಮುಖ್ಯ ಬುಗ್ಗೆಗಳಿವೆ. ಅಂದರೆ ಏಂಗೆದಿಯ ನೀರು ಏಂಗೆದಿಯದ್ದಲ್ಲ. ಬೇರೆ ಯಾರದೋ ಊರಿನಲ್ಲಿ, ಬೇರೆ ಯಾವುದೋ ವರ್ಷ ಬಿದ್ದ ಮಳೆಯದು.

ನಡಿಗೆ ಮತ್ತು ಮಡು

ಇಲ್ಲಿ ನಡೆಯಲು ಎರಡು ಕಣಿವೆಗಳಿವೆ. ಅರುಗೋತ್ ಕಣಿವೆಯದು ದೂರದ ನಡಿಗೆ. ಅದರೊಳಗೆ 'ಮರೆಯ ಜಲಪಾತ' ಎಂದು ಹೆಸರಾದ ಇನ್ನೊಂದು ಜಲಪಾತವಿದೆ. ವಯಸ್ಸಾದವರು ಜೊತೆಗಿದ್ದುದರಿಂದ ನಾವು ಆರಿಸಿಕೊಂಡದ್ದು ಚಿಕ್ಕದಾದ ದಾವೀದನ ಕಣಿವೆಯನ್ನು. ಬಾಗಿಲಿನಿಂದ ಜಲಪಾತಕ್ಕೆ ಸುಮಾರು ಒಂದು ಕಿಲೋಮೀಟರ್. ದೂರ ಹೆಚ್ಚೇನೂ ಅಲ್ಲ, ಆದರೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಬಿಸಿಲಿನಲ್ಲಿ ಏರುವುದು ಮೊಣಕಾಲಿಗೆ ಒಂದು ಪ್ರಾಯಶ್ಚಿತ್ತವೇ ಸರಿ.

ಬಾಗಿಲ ಬಳಿಯೇ ನಮ್ಮೊಡನಿದ್ದ ತಾಳವಾಡಿಯ ಅಜ್ಜಿಯೊಬ್ಬರು ನಿಂತುಬಿಟ್ಟರು. "ಸ್ವಾಮೀ, ಇದು ನಮ್ಮೂರ ಎಕ್ಕದ ಗಿಡ ಅಲ್ವಾ?" ಎಂದು ಕೇಳಿದರು. ಹೌದು, ಅದು ಎಕ್ಕವೇ. ಆ ನಾಡಿನವರು ಅದರ ಕಾಯಿಯನ್ನು 'ಸೊದೋಮಿನ ಸೇಬು' ಎಂದು ಕರೆಯುತ್ತಾರೆ. ನೋಡಲು ತುಂಬಿದ ಹಣ್ಣು, ಹಿಂಡಿದರೆ ಒಳಗೆ ಬರೀ ಗಾಳಿ ಮತ್ತು ನಾರು. ಮುಂದೆ ನಮ್ಮ ನುಗ್ಗೆಯ ಹತ್ತಿರದ ಸಂಬಂಧಿ ಮರವೊಂದು ಕಂಡಿತು. ಬೋರೆಹಣ್ಣಿನ ಜಾತಿಯ ಮುಳ್ಳುಮರವೂ ಕಂಡಿತು. ಯೇಸುಸ್ವಾಮಿಯ ತಲೆಗೆ ತೊಡಿಸಿದ ಮುಳ್ಳಿನ ಕಿರೀಟ ಇದರದ್ದೇ ಎಂಬ ನಂಬಿಕೆ ಹಿಂದಿನಿಂದ ಬಂದಿದೆ. ಸಾವಿರಾರು ಮೈಲಿ ದೂರ ಬಂದು ನಮ್ಮ ಹೊಲದ ಬದುವಿನ ಗಿಡಗಳನ್ನು ಕಂಡಾಗ ಶ್ರೀಗ್ರಂಥದ ನಾಡು ಒಮ್ಮೆಗೇ ನೆರೆಯೂರಾಯಿತು.

ದಾರಿಯುದ್ದಕ್ಕೂ ಬಾಗಿದ ಕೊಂಬಿನ ಕಾಡುಮೇಕೆಗಳು ನಮ್ಮನ್ನು ಲೆಕ್ಕಿಸದೆ ಬಂಡೆಯ ಅಂಚಿನಲ್ಲಿ ಮೇಯುತ್ತಿದ್ದವು. ಕಲ್ಲುಗಳ ಸಂದಿಯಲ್ಲಿ ಮೊಲದ ಗಾತ್ರದ, ಬಾಲವಿಲ್ಲದ ಇನ್ನೊಂದು ಪ್ರಾಣಿ ಬಿಸಿಲು ಕಾಯಿಸುತ್ತಿತ್ತು. ಅದರ ಹತ್ತಿರದ ಬಂಧು ಆನೆ ಎಂದು ವಿಜ್ಞಾನಿಗಳು ಹೇಳಿದರೆ ನಂಬುವುದೇ ಕಷ್ಟ! ಕೀರ್ತನೆ 104ರಲ್ಲಿ ದೇವರ ಸೃಷ್ಟಿಯನ್ನು ಹೊಗಳುವಾಗ ಈ ಎರಡು ಪ್ರಾಣಿಗಳನ್ನೂ ಒಂದೇ ಉಸಿರಿನಲ್ಲಿ ನೆನೆಯಲಾಗಿದೆ.

ಮೊದಲು ಕೇಳಿಸಿದ್ದು ನೀರಿನ ಸದ್ದು. ತಿರುವು ಕಳೆದರೆ ಜೊಂಡಿನ ನಡುವೆ ಒಂದು ಚಿಕ್ಕ ಮಡು, ಅದರ ಮೇಲೆ ಇನ್ನೊಂದು, ಅದಕ್ಕೂ ಮೇಲೆ ಮತ್ತೊಂದು. ಕೊನೆಗೆ ಸುಮಾರು ನೂರಡಿ ಎತ್ತರದಿಂದ ಬೀಳುವ ದಾವೀದನ ಜಲಪಾತ. ನಮ್ಮ ಜೋಗವನ್ನು ಮನಸ್ಸಿನಲ್ಲಿಟ್ಟು ಹೋದವರಿಗೆ ಇದೊಂದು ಎಳೆ ನೂಲಿನಂತೆ ಕಂಡೀತು. ಆದರೆ ಸುತ್ತಲೂ ಒಂದು ಹಸಿರೆಲೆಯೂ ಇಲ್ಲದ ಗುಡ್ಡ, ಆ ನೂಲಿನ ಅಕ್ಕಪಕ್ಕದಲ್ಲಿ ಮಾತ್ರ ತೊಟ್ಟಿಕ್ಕುವ ಜರೀಗಿಡಗಳು!

ಕಲ್ಲು ಉರುಳುವ ಅಪಾಯವಿರುವುದರಿಂದ ಎತ್ತರದ ಜಲಪಾತದ ಕೆಳಗೆ ನಿಲ್ಲದೆ ಕೆಳಗಿನ ಮಡುಗಳಲ್ಲಿ ಇಳಿದೆವು. ಯುವಕರು ಮುಳುಗಿ ಎದ್ದರು, ತಾಯಂದಿರು ಸೀರೆಯ ನೆರಿಗೆ ಎತ್ತಿ ಕಟ್ಟಿ ಮೊಣಕಾಲವರೆಗೆ ನಿಂತರು, ಮಕ್ಕಳು ಒಬ್ಬರಿಗೊಬ್ಬರು ನೀರೆರಚಿದರು. ತಾಳವಾಡಿಯ ರೈತರೊಬ್ಬರು ಮಾತ್ರ ಬಂಡೆಯ ಮೇಲೆ ಕೂತು, ನೀರನ್ನು ಅಂಗೈಯಲ್ಲಿ ತುಂಬುವುದು, ಬಿಡುವುದು ಮಾಡುತ್ತಿದ್ದರು. "ಸಾವಿರ ಅಡಿ ಕೊರೆಸಿದ್ವಿ ಸ್ವಾಮಿ, ಧೂಳು ಬಂತು. ಇಲ್ಲಿ ಕಲ್ಲೇ ನೀರು ಕೊಡ್ತಿದೆಯಲ್ಲ" ಎಂದರು. ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ತಡೆದ ಕೈ

ಆ ಮಡುವಿನ ಪಕ್ಕದಲ್ಲೇ ಕುಳಿತು ಸಮುವೇಲನ ಒಂದನೆಯ ಗ್ರಂಥದ 24ನೆಯ ಅಧ್ಯಾಯವನ್ನು ಓದಿದೆವು. ಕಥೆ ನಿಮಗೆ ಗೊತ್ತಿರುವುದೇ. ಅರಸ ಸೌಲನು ಮೂರು ಸಾವಿರ ಆಯ್ದ ಸೈನಿಕರೊಡನೆ ದಾವೀದನನ್ನು ಬೇಟೆಯಾಡುತ್ತಾ ಏಂಗೆದಿಯ ಕಾಡುಮೇಕೆಗಳ ಬಂಡೆಗಳಿಗೆ ಬರುತ್ತಾನೆ. ಬಹಿರ್ದೆಸೆಗೆಂದು ಒಬ್ಬನೇ ಒಂದು ಗವಿಯೊಳಗೆ ಹೋಗುತ್ತಾನೆ. ಅದೇ ಗವಿಯ ಕತ್ತಲೆಯಲ್ಲಿ ದಾವೀದನೂ ಅವನ ಸಂಗಡಿಗರೂ ಅಡಗಿದ್ದಾರೆ. ದೇವರೇ ಶತ್ರುವನ್ನು ನಿನ್ನ ಕೈಗೆ ಒಪ್ಪಿಸಿದ್ದಾರೆಂದು ಸಂಗಡಿಗರು ಹುರಿದುಂಬಿಸುತ್ತಾರೆ. ದಾವೀದನು ಅರಸನ ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿಕೊಳ್ಳುತ್ತಾನೆ. ಅಷ್ಟಕ್ಕೇ ಅವನ ಮನಸ್ಸು ಅವನನ್ನು ಚುಚ್ಚುತ್ತದೆ. ಆಮೇಲೆ ಹೊರಗೆ ಬಂದು 'ತಂದೆಯೇ' ಎಂದು ಕರೆದಾಗ, ಕೊಲ್ಲಲು ಬಂದ ಸೌಲನು ಗಟ್ಟಿಯಾಗಿ ಅಳುತ್ತಾನೆ.

ಗುರುಮಠದಲ್ಲಿ ಈ ಭಾಗವನ್ನು ಎಷ್ಟೋ ಸಲ ಓದಿದ್ದೆವು. ಆದರೆ ಆ ನೆಲದಲ್ಲಿ ನಿಂತಾಗ ಹೊಳೆದದ್ದು ಇದು: ಮರುಭೂಮಿಯಲ್ಲಿ ನೀರಿರುವ ಜಾಗಕ್ಕೆ ಅಡಗುವವನೂ ಬರಬೇಕು, ಹುಡುಕುವವನೂ ಬರಬೇಕು. ಬಾಯಾರಿಕೆಗೆ ಮಿತ್ರ ಶತ್ರು ಎಂಬ ಭೇದವಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಕಬಳಿಸದೆ ಕೈ ತಡೆಯಬಲ್ಲವರಿದ್ದರೆ ಮಾತ್ರ ಇಂಥ ಜಾಗದಲ್ಲಿ ಬದುಕು ಸಾಧ್ಯ.

ಏಂಗೆದಿಯ ಜನ ಇದನ್ನು ಅರಿತಿದ್ದರು. ಕಣಿವೆಯಿಂದ ಸ್ವಲ್ಪವೇ ದೂರದಲ್ಲಿ ಹಳೆಯ ಯೆಹೂದ್ಯ ಪ್ರಾರ್ಥನಾಮಂದಿರವೊಂದರ ಅವಶೇಷವಿದೆ. 1970ರಲ್ಲಿ ಆರಂಭವಾದ ಉತ್ಖನನದಲ್ಲಿ ಬಣ್ಣದ ಕಲ್ಲುಗಳನ್ನು ಜೋಡಿಸಿದ ಅದರ ನೆಲ ಬೆಳಕಿಗೆ ಬಂತು. ಆ ನೆಲದ ಮೇಲೆ ಒಂದು ಶಾಸನವಿದೆ. ನೆರೆಹೊರೆಯವರ ನಡುವೆ ಜಗಳ ಹಚ್ಚುವವನಿಗೆ, ಹೊರಗಿನವರ ಮುಂದೆ ಚಾಡಿ ಹೇಳುವವನಿಗೆ, ಇನ್ನೊಬ್ಬರ ಸೊತ್ತು ಕದಿಯುವವನಿಗೆ, ಊರಿನ ಗುಟ್ಟನ್ನು ಬಯಲು ಮಾಡುವವನಿಗೆ ಅದರಲ್ಲಿ ಶಾಪ ಹಾಕಲಾಗಿದೆ. ಆ ಗುಟ್ಟು ಇಲ್ಲಿ ಬೆಳೆಯುತ್ತಿದ್ದ ಬೆಲೆಬಾಳುವ ಸುಗಂಧ ಗಿಡದ ಬಗ್ಗೆ ಇದ್ದಿರಬಹುದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಒಂದೇ ಬುಗ್ಗೆಯನ್ನು ನಂಬಿದ ಊರಿಗೆ ಜಗಳಗಂಟನೇ ದೊಡ್ಡ ಬರಗಾಲವೆಂದು ಅವರಿಗೆ ಗೊತ್ತಿತ್ತು.

ಅದೇ ಮಂದಿರದಲ್ಲಿ ಬೆಂಕಿಗೆ ಸುಟ್ಟು ಇದ್ದಿಲಾದ ಸುರುಳಿಯೊಂದೂ ಸಿಕ್ಕಿತು. ಮುಟ್ಟಿದರೆ ಪುಡಿಯಾಗುತ್ತಿದ್ದುದರಿಂದ ಅದನ್ನು ಬಿಚ್ಚದೆ ನಲವತ್ತೈದು ವರ್ಷ ಹಾಗೆಯೇ ಕಾಪಾಡಿದರು. ಕೊನೆಗೆ ಸ್ಕ್ಯಾನರ್ ಮತ್ತು ಕಂಪ್ಯೂಟರ್ ನೆರವಿನಿಂದ, ಬಿಚ್ಚದೆಯೇ ಅದರ ಅಕ್ಷರಗಳನ್ನು ಓದಲಾಯಿತು. ಅದು ಯಾಜಕಕಾಂಡದ ಆರಂಭದ ಭಾಗವೆಂದು 2015ರಲ್ಲಿ ತಿಳಿದುಬಂತು. ಆತುರದ ಕೈ ಮುಂದಾಗಿದ್ದರೆ ಒಂದು ಹಿಡಿ ಬೂದಿ ಉಳಿಯುತ್ತಿತ್ತು.

ತಡೆಯದ ಕೈ

ಮಡುವಿನಿಂದ ಕೆಳಗೆ ನೋಡಿದರೆ ಕಾಣುವ ಮೃತ ಸಮುದ್ರ ಮಾತ್ರ ಬೇರೆಯೇ ಕಥೆ ಹೇಳುತ್ತದೆ. ಇತ್ತೀಚಿನ ದಶಕಗಳಲ್ಲಿ ಅದರ ಮಟ್ಟ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದೆ. ಅದಕ್ಕೆ ನೀರು ತರುತ್ತಿದ್ದ ಜೋರ್ಡನ್ ನದಿ ಮತ್ತದರ ಉಪನದಿಗಳನ್ನು ಇಸ್ರೇಲ್, ಜೋರ್ಡನ್, ಸಿರಿಯಾ ದೇಶಗಳು ಕಾಲುವೆ, ಅಣೆಕಟ್ಟುಗಳಿಂದ ತಿರುಗಿಸಿಕೊಂಡಿವೆ. ದಕ್ಷಿಣ ಭಾಗದಲ್ಲಿ ಖನಿಜ ಕಾರ್ಖಾನೆಗಳು ಅದರ ನೀರನ್ನು ದೊಡ್ಡ ಪಾತಿಗಳಿಗೆ ಹಾಯಿಸಿ ಆವಿಯಾಗಿಸುತ್ತವೆ. 1980ರ ದಶಕದಲ್ಲಿ ಏಂಗೆದಿಯ ಬಳಿ ನೀರಂಚಿನಲ್ಲೇ ಕಟ್ಟಿದ ಸ್ನಾನಗೃಹದಿಂದ ಸಮುದ್ರ ಎಷ್ಟು ದೂರ ಸರಿಯಿತೆಂದರೆ, ಅತಿಥಿಗಳನ್ನು ಟ್ರ್ಯಾಕ್ಟರ್ ಎಳೆಯುವ ಗಾಡಿಯಲ್ಲಿ ಕೊಂಡೊಯ್ಯಬೇಕಾಯಿತು. ಸಮುದ್ರ ಹಿಂದೆ ಸರಿದಂತೆ ನೆಲದೊಳಗಿನ ಸಿಹಿನೀರು ಉಪ್ಪಿನ ಪದರವನ್ನು ಕರಗಿಸಿ, ದಡದುದ್ದಕ್ಕೂ ಸಾವಿರಾರು ಗುಂಡಿಗಳು ಬಾಯ್ದೆರೆದಿವೆ. ಇದರಿಂದಾಗಿ ಏಂಗೆದಿಯ ಸಾರ್ವಜನಿಕ ಕಡಲತೀರವನ್ನು 2015ರಲ್ಲಿ ಮುಚ್ಚಲಾಯಿತು. ಪ್ರವಾದಿ ಯೆಹೆಜ್ಕೇಲನು ಕಂಡ ದರ್ಶನದಲ್ಲಿ ಈ ಸಮುದ್ರ ಜೀವಜಲದಿಂದ ತುಂಬಿ, ಏಂಗೆದಿಯ ದಡದಲ್ಲಿ ಬೆಸ್ತರು ಬಲೆ ಹರಡುತ್ತಾರೆ. ಇಂದು ಮನುಷ್ಯನ ಕೈ ಅದಕ್ಕೆ ತೀರ ವಿರುದ್ಧವಾದ ಕೆಲಸ ಮಾಡುತ್ತಿದೆ.

ದೂರದ ದೇಶಗಳನ್ನು ದೂರುವುದು ಸುಲಭ. ಆದರೆ ನಮ್ಮ ಹಳ್ಳಿಗಳಲ್ಲಿ ಆಗುತ್ತಿರುವುದೇನು? ಅಣ್ಣ 600 ಅಡಿ ಕೊರೆಸಿದರೆ ತಮ್ಮ 900 ಅಡಿ ಕೊರೆಸುತ್ತಾನೆ. ಅಣ್ಣನ ಬಾವಿ ಬತ್ತುತ್ತದೆ, ಮಾತು ನಿಲ್ಲುತ್ತದೆ. ಒಂದೇ ಬಲಿಪೂಜೆಗೆ ಬಂದು ದೇವಾಲಯದ ಬೇರೆ ಬೇರೆ ಬದಿಯಲ್ಲಿ ಕೂರುವ ಅಣ್ಣತಮ್ಮಂದಿರನ್ನು ನಾವೆಲ್ಲ ಬಲ್ಲೆವು. ನೆಲದ ಕೆಳಗಿನ ನೀರಿಗೆ ಬದುವೂ ಇಲ್ಲ, ಸರ್ವೆ ನಂಬರೂ ಇಲ್ಲ. ನಾವು ಎಳೆಯುವ ನೀರಿನಲ್ಲಿ ಪಕ್ಕದ ಮನೆಯವರ ಪಾಲೂ ಇದೆ, ಮೊಮ್ಮಕ್ಕಳ ಪಾಲೂ ಇದೆ.

ಹೋಗಬಯಸುವವರಿಗೆ ಕೆಲವು ಮಾತು. 2023ರ ಅಕ್ಟೋಬರ್‌ನಲ್ಲಿ ಯುದ್ಧ ಆರಂಭವಾದ ಮೇಲೆ ಪುಣ್ಯನಾಡಿನ ಯಾತ್ರೆಗಳು ಏರುಪೇರಾಗಿವೆ. ಪರಿಸ್ಥಿತಿ ವಿಚಾರಿಸಿಯೇ ಹೊರಡಿ. ತಲೆಗೆ ಟೋಪಿ, ಕಾಲಿಗೆ ಜಾರದ ಪಾದರಕ್ಷೆ, ತಲಾ ಎರಡು ಮೂರು ಲೀಟರ್ ಕುಡಿಯುವ ನೀರು ಬೇಕೇ ಬೇಕು. ಬೆಳಿಗ್ಗೆ ಬೇಗ ಹತ್ತಿ. ಚಳಿಗಾಲದಿಂದ ವಸಂತದವರೆಗೆ ಪ್ರವಾಹದ ಎಚ್ಚರಿಕೆ ಇದ್ದ ದಿನ ಕಣಿವೆಗೆ ಇಳಿಯಬೇಡಿ. ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ಬೆಟ್ಟದ ಮೇಲಿನ ಮಳೆ ನಿಮಿಷಗಳಲ್ಲಿ ನುಗ್ಗಿ ಬರುತ್ತದೆ. 2018ರ ಏಪ್ರಿಲ್‌ನಲ್ಲಿ ಮೃತ ಸಮುದ್ರದ ದಕ್ಷಿಣದ ಇನ್ನೊಂದು ಕಣಿವೆಯಲ್ಲಿ ಹೀಗೆ ಬಂದ ನೀರು ಹತ್ತು ಮಂದಿ ಎಳೆಯರ ಪ್ರಾಣ ತೆಗೆದುಕೊಂಡಿತು. ಮಡುವಿನಲ್ಲಿ ಸೋಪು, ಶ್ಯಾಂಪೂ ಬೇಡ. ಕಾಡುಮೇಕೆಗಳಿಗೆ ತಿಂಡಿ ಹಾಕುವುದೂ ಬೇಡ.

ಹೋಗಲಾಗದವರು ಚಿಂತಿಸಬೇಕಿಲ್ಲ. ಈ ಭಾನುವಾರ ಸಂಜೆಯ ಜಪಸರದ ನಂತರ ಮನೆಯವರೆಲ್ಲ ಕೂತು ಆ 24ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿ. ಓದಿದ ಮೇಲೆ, ನೀರಿನ ಕಾರಣಕ್ಕೋ ಬದುವಿನ ಕಾರಣಕ್ಕೋ ಮಾತು ಬಿಟ್ಟ ಮನೆ ಯಾವುದಾದರೂ ಇದ್ದರೆ, ಅವರ ಹೆಸರು ಹೇಳಿ ಪ್ರಾರ್ಥಿಸಿ. ಮರುದಿನ ಬೆಳಿಗ್ಗೆ ಅವರ ಬಾಗಿಲಿಗೆ ಹೋಗಿ, ದಾವೀದನಂತೆ ಮೊದಲು ನೀವೇ ಕರೆಯಿರಿ.