ಕಲ್ಲಿನ ಬಣ್ಣವನ್ನು ಕಲ್ಲಿಗೇ ಬಿಟ್ಟು

ಇಂಗ್ಲೆಂಡಿನ ಹಳ್ಳಿಗಳ ಛಾಯಾಚಿತ್ರ ತೆಗೆಯಹೊರಟವರಿಗೆ ಮೋಡ ಕವಿದ ದಿನಕ್ಕಿಂತ ಮಿಗಿಲಾದ ವರ ಬೇರೊಂದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಕಾಟ್ಸ್‌ವೋಲ್ಡ್ ಸೀಮೆಯ ಮನೆಗಳಿಗೆ ಬಳಸಿರುವ ಸುಣ್ಣಕಲ್ಲು, ಜುರಾಸಿಕ್ ಯುಗದ ಆಳವಿಲ್ಲದ ಕಡಲಿನಲ್ಲಿ ದುಂಡನೆಯ ಸುಣ್ಣದ ಕಣಗಳು ಪದರಪದರವಾಗಿ ಸಂಚಯಗೊಂಡು ಉಂಟಾದುದು. ಅದರಲ್ಲಿ ಬೆರೆತ ಕಬ್ಬಿಣದ ಅಂಶ ಅದಕ್ಕೆ ಹದವಾಗಿ ಹುರಿದ ರವೆಯ ಹೊಂಬಣ್ಣವನ್ನಿತ್ತಿದೆ. ನಡುಹಗಲಿನ ಪ್ರಖರವಾದ ಬಿಸಿಲಿನಲ್ಲಿ ಆ ಗೋಡೆಗಳು ಬಿಳಿಚಿಕೊಂಡು, ಸೂರಿನಡಿಯ ನೆರಳು ಕಡುಕಪ್ಪಾಗಿ, ಕಣ್ಣು ಕಂಡ ಸೌಮ್ಯತೆಯೆಲ್ಲ ಚಿತ್ರದಲ್ಲಿ ಇಲ್ಲವಾಗುವುದು. ಸಣ್ಣ ಮಳೆಯೊಂದು ಬಂದು ನಿಂತು, ತೆಳುವಾದ ಬೂದುಮುಗಿಲಿನಿಂದ ಬೆಳಕು ಎಲ್ಲೆಡೆಗೂ ಸಮನಾಗಿ ಇಳಿಯುತ್ತಿರುವಾಗ ಆ ಸೀಮೆಯ ಬೈಬರಿ ಎಂಬ ಹಳ್ಳಿಯಲ್ಲಿ ಆರ್ಲಿಂಗ್ಟನ್ ರೋ ಎಂಬ ಸಾಲುಮನೆಗಳ ಎದುರಿಗೆ ನಿಲ್ಲಬೇಕು. 14ನೆಯ ಶತಮಾನದಲ್ಲಿ ಮಠದ ಉಣ್ಣೆಯ ಉಗ್ರಾಣವಾಗಿ ನಿರ್ಮಿತವಾಗಿ, 17ನೆಯ ಶತಮಾನದಲ್ಲಿ ನೇಕಾರರ ವಾಸಗೃಹಗಳಾಗಿ ಮಾರ್ಪಟ್ಟ ಆ ಮನೆಗಳ ಮಾಡಿಗೆ ಹೊದಿಸಿರುವ ಕಲ್ಲಿನ ಬಿಲ್ಲೆಗಳು ಸೂರಿನಂಚಿನಲ್ಲಿ ಹಿರಿದಾಗಿದ್ದು, ಮೇಲೇರಿದಂತೆಲ್ಲ ಕಿರಿದಾಗುತ್ತ ಹೋಗುತ್ತವೆ. ಅವುಗಳ ಮೇಲಣ ಹಾವಸೆಯೂ ಕಲ್ಲುಹೂವೂ ಮಳೆಯಲ್ಲಿ ತೊಯ್ದಾಗಲೇ ತಮ್ಮ ನಿಜವಾದ ವರ್ಣವನ್ನು ತೋರುವುವು.

ಆದರೂ ನನ್ನ ಮನಸ್ಸು ಪದೇ ಪದೇ ಎಳೆಯುವುದು ವಿಲ್ಟ್‌ಷೈರಿನ ಲೇಕಾಕಿನ ಕಡೆಗೆ. 1232ರಲ್ಲಿ ಸಂನ್ಯಾಸಿನಿಯರಿಗಾಗಿ ಸ್ಥಾಪಿತವಾದ ಅಲ್ಲಿಯ ಮಠವು ಕಾಲಾಂತರದಲ್ಲಿ ಟಾಲ್ಬಟ್ ಮನೆತನದ ನಿವಾಸವಾಯಿತು. 1835ರ ಆಗಸ್ಟಿನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅದೇ ಮನೆಯ ಕಿಟಕಿಯೊಂದರ ಬಿಂಬವನ್ನು ಬೆಳ್ಳಿಯ ಲವಣವನ್ನು ಲೇಪಿಸಿದ ಪುಟ್ಟ ಕಾಗದದ ಮೇಲೆ ಹಿಡಿದನು. ಇಂದಿಗೆ ಉಳಿದಿರುವ ನೆಗೆಟಿವ್‌ಗಳಲ್ಲೆಲ್ಲ ಅದೇ ಪ್ರಾಚೀನತಮವಾದುದು. ಕಿಟಕಿಯ ಸುಮಾರು 200 ಗಾಜಿನ ಚೌಕಗಳನ್ನೂ ಆಗ ಭೂತಗನ್ನಡಿಯ ನೆರವಿನಿಂದ ಎಣಿಸಬಹುದಾಗಿತ್ತೆಂದು ಆತನೇ ಬರೆದಿಟ್ಟಿದ್ದಾನೆ. ಇದ್ದುದನ್ನು ಇದ್ದಂತೆ, ಒಂದು ಚೌಕವೂ ತಪ್ಪಿಹೋಗದಂತೆ ಕಂಡೆನೆಂಬ ಆ ಆನಂದವನ್ನು ನೆನೆದಾಗಲೆಲ್ಲ ನನಗೆ ರೋಮಾಂಚವಾಗುತ್ತದೆ.

ಚಿತ್ರವನ್ನು ತಿದ್ದಲು ಗಣಕದ ಮುಂದೆ ಕುಳಿತಾಗಲೂ ನನ್ನ ಅಪೇಕ್ಷೆ ಅಷ್ಟೇ. ಚೌಕಟ್ಟಿನ ತುಂಬ ಹೊಂಬಣ್ಣದ ಗೋಡೆಯೇ ಇರುವಾಗ, ಕ್ಯಾಮೆರಾ ತಾನಾಗಿ ಆರಿಸುವ ವೈಟ್ ಬ್ಯಾಲೆನ್ಸ್ ಆ ಬಣ್ಣವನ್ನೇ ದೋಷವೆಂದು ಬಗೆದು ತೊಡೆದುಹಾಕುವುದುಂಟು. ಆದುದರಿಂದ ರಾ ಫೈಲಿನಲ್ಲಿ ಅದನ್ನು ಮೋಡದ ಬೆಳಕಿಗೆ ತಕ್ಕಂತೆ 6500 ಕೆಲ್ವಿನ್ನಿನ ಆಸುಪಾಸಿಗೆ ತಂದು ನಿಲ್ಲಿಸುತ್ತೇನೆ. ಹೈಲೈಟುಗಳನ್ನು ಇಳಿಸಿದರೆ ಮುಗಿಲಿನ ಮಡಿಕೆಗಳು ಮೆಲ್ಲನೆ ಮೂಡುವುವು. ನೆರಳನ್ನು ಮಾತ್ರ ತೀರ ಎತ್ತಲಾರೆ. ಗೇಣುದ್ದದ ಕಿಟಕಿಗಳುಳ್ಳ ಆ ಹಳ್ಳಿಮನೆಗಳ ಒಳಗು ನಿಜವಾಗಿಯೂ ಕತ್ತಲೆಯದು. ಹಸುರನ್ನು ಹೆಚ್ಚಿಸುವುದಿರಲಿ, ತುಸು ತಗ್ಗಿಸಬೇಕಾಗಿ ಬರುತ್ತದೆ. ಬೂದು ಆಕಾಶವನ್ನು ಕಿತ್ತು ನೀಲಾಕಾಶವನ್ನು ಅಂಟಿಸುವ ಈಗಿನ ಪರಿಪಾಠವಂತೂ ನನಗೆ ಅಸಹನೀಯ. ನಾರ್ಫೋಕಿನ ಜೌಗುನೆಲದ ಜನಜೀವನವನ್ನು ಚಿತ್ರಿಸಿದ ಪೀಟರ್ ಹೆನ್ರಿ ಎಮರ್ಸನ್, 1889ರಷ್ಟು ಹಿಂದೆಯೇ ಸಹಜ ಛಾಯಾಗ್ರಹಣವನ್ನು ಕುರಿತು ಗ್ರಂಥವೊಂದನ್ನು ರಚಿಸಿ, ನೆಗೆಟಿವ್‌ಗಳನ್ನು ತಿದ್ದಿ ತೀಡುವುದನ್ನು ಉಗ್ರವಾಗಿ ಖಂಡಿಸಿದನು. ಆತನ ಪಕ್ಷವೇ ನನ್ನದು.

ಅತ್ಯಂತ ಸೂಕ್ಷ್ಮವಾದ ಕೆಲಸ ಸಫೋಕಿನ ಲ್ಯಾವನ್‌ಹ್ಯಾಮಿನ ಚಿತ್ರಗಳದು. ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡಿದಾಗ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುವ ದೋಷವನ್ನು ಸರಿಪಡಿಸುವುದು ಸುಲಭ. ಆದರೆ ಅಲ್ಲಿಯ ಮರದ ಚೌಕಟ್ಟಿನ ಮನೆಗಳು ಶತಮಾನಗಳಿಂದ ನಿಜವಾಗಿಯೇ ವಾಲಿಕೊಂಡಿವೆ. ಎಷ್ಟು ಓರೆ ಮಸೂರದ್ದು, ಎಷ್ಟು ಮನೆಯದು ಎಂದು ನಿರ್ಣಯಿಸಲು, ಅಲ್ಲಿಯ ಇಗರ್ಜಿಯ ನೆಟ್ಟನೆಯ ಗೋಪುರ ಚೌಕಟ್ಟಿನೊಳಗೆ ಸಿಕ್ಕಿದ್ದರೆ ಅದನ್ನೇ ತೂಗುಗುಂಡಾಗಿ ಹಿಡಿದು, ಅದು ನೇರವಾಗುವವರೆಗೆ ಮಾತ್ರ ತಿದ್ದಿ, ಮನೆಗಳನ್ನು ಅವುಗಳ ಪಾಡಿಗೆ ವಾಲಲು ಬಿಡುತ್ತೇನೆ.