ಚೀಟಿ ತಗೊಂಡು ಗೋವಾಕ್ಕ

ಬೆಳವಣಕಿಯ ನಮ್ಮ ಕೇರಿಯಲ್ಲಿ ಗೋವಾಕ್ಕೆ ಹೋಗಿ ಬಂದವರನ್ನು ಕೈ ನೋಡಿ ಗುರುತಿಸಬಹುದು. ಸಿಮೆಂಟು ತಿಂದ ಕೈಗಳವು. ರೋಣದ ಎರೆಭೂಮಿಗೆ ಮಳೆ ಕೈಕೊಟ್ಟಾಗಲೆಲ್ಲ ಗಂಟು ಕಟ್ಟಿಕೊಂಡು ಗದಗಿನಲ್ಲಿ ರೈಲು ಹತ್ತುವುದು, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮಡಗಾಂವದಲ್ಲಿ ಇಳಿಯುವುದು, ಅಲ್ಲಿ ಕೆಲವರ ಬಾಯಲ್ಲಿ ‘ಘಾಂಟಿ’ ಅನ್ನಿಸಿಕೊಳ್ಳುವುದು. ನಮಗೆ ಗೊತ್ತಿದ್ದ ಗೋವಾ ಇಷ್ಟೇ.

2022ರ ಅಕ್ಟೋಬರಿನಲ್ಲಿ ನನ್ನ ಮಗಳು ಅದೇ ರೈಲನ್ನು ಬೇರೆ ಕಾರಣಕ್ಕೆ ಹತ್ತೋಣವೆಂದು ಹಟ ಹಿಡಿದಳು. ಹದಿನೇಳು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ವಿಶ್ವಕಪ್ ಆ ವರ್ಷ ಭಾರತದಲ್ಲಿ ನಡೆಯಿತು. ಭುವನೇಶ್ವರ, ನವಿ ಮುಂಬಯಿ, ಮಡಗಾಂವದ ಫತೋರ್ಡಾ, ಈ ಮೂರು ಕಡೆ. ಎರಡೂ ಸೆಮಿಫೈನಲ್ ಫತೋರ್ಡಾದಲ್ಲಿ, ಒಂದೇ ದಿನ, ಅಕ್ಟೋಬರ್ 26ಕ್ಕೆ.

“ನಮ್ಮ ದೇಶದ್ದು ಸೋತು ಹೋಗೇತಿ. ಯಾರನ್ನ ನೋಡಾಕ ಹೋಗೂದವ್ವಾ?” ಅಂದೆ. ಅಮೆರಿಕದಿಂದ 8, ಮೊರಾಕ್ಕೊದಿಂದ 3, ಬ್ರೆಜಿಲಿನಿಂದ 5 ಗೋಲು ತಿಂದು, ಒಂದನ್ನೂ ಹೊಡೆಯದೆ ಭಾರತ ಹೊರಬಿದ್ದಿತ್ತು. ಅವಳು ಮೊಬೈಲಿನಲ್ಲಿ ಸುದ್ದಿಯೊಂದನ್ನು ತೋರಿಸಿದಳು. ತಂಡದ ನಾಯಕಿ ಅಷ್ಟಂ ಉರಾಂವ್, ಜಾರ್ಖಂಡದ ಗುಮ್ಲಾ ಜಿಲ್ಲೆಯ ಆದಿವಾಸಿ ಹುಡುಗಿ. ಅವಳ ಗೌರವಕ್ಕೆಂದು ಸರಕಾರ ಅವಳ ಊರಿಗೆ ರಸ್ತೆ ಮಾಡಿಸುತ್ತಿತ್ತು. ಆ ರಸ್ತೆಯ ಕೆಲಸಕ್ಕೆ ದಿನಗೂಲಿಗೆ ಹೋಗುತ್ತಿದ್ದವರಲ್ಲಿ ಅವಳ ತಂದೆತಾಯಿಯೂ ಇದ್ದರು.

“ಯಪ್ಪಾ, ಅಕಿನೂ ನಮ್ಮಂಗನ” ಅಂದಳು ಮಗಳು. ನನ್ನ ಬಾಯಿ ಕಟ್ಟಿತು.

ಲೆಕ್ಕಕ್ಕೆ ಕುಂತೆವು. ಆಟದ ಚೀಟಿಯ ದುಡ್ಡಿಗಿಂತ ಬಿಡಬೇಕಾದ ಕೂಲಿಯೇ ಭಾರ. ರೈಲಿಗೆ ಜನರಲ್ ಡಬ್ಬಿ, ಹೊಟ್ಟೆಗೆ ಕಟಕರೊಟ್ಟಿ, ಶೇಂಗಾಚಟ್ನಿ. ಆದರೆ 25ರ ಅಮಾಸಿಗೆ ಸೂರ್ಯಗ್ರಹಣ, 26 ಬಲಿಪಾಡ್ಯ. “ಗ್ರಹಣದಾಗ ಹೊಸ್ತಿಲಾ ದಾಟಬ್ಯಾಡ್ರಿ” ಅಂತ ಅವ್ವ ಅಡ್ಡ ಬಂದಳು. ನಮ್ಮ ಕಾಕಾ ನಕ್ಕ. “ಕೂಲಿಗೆ ಹೋಗಾಗ ಎಂದರ ಗ್ರಹಣ ನೋಡೀವೇನು ವೈನಿ?”

ದಾರಿ ಬಲ್ಲವನೆಂದು ಅವನನ್ನೂ ಕರೆದೆವು. ಆ ಸ್ಟೇಡಿಯಮ್ಮಿನ ಗ್ವಾಡಿ ಬಾಜೂಕ ಎರಡು ವರ್ಷ ಕಟ್ಟಡದ ಕೆಲಸ ಮಾಡಿದವ ಅವನು. ಒಳಗೆ ಹೇಗಿದೆ ಅಂತ ಮಗಳು ಕೇಳಿದಳು. “ಒಳಗ ಯಾರು ಬಿಡ್ತಾರವ್ವಾ?” ಅಂದ. ಅವನು ಯಾರನ್ನೂ ಕೇಳಿ ನೋಡಿರಲಿಲ್ಲ. ಗುಡಿಯನ್ನು, ಚಹಾದಂಗಡಿಯನ್ನು ಹೊರಗಿನಿಂದಲೇ ನೋಡಿ ದೊಡ್ಡವನಾದವನಿಗೆ ಬಾಗಿಲು ಕಂಡರೆ ಕಾಲು ತಾನಾಗೇ ನಿಲ್ಲುತ್ತದೆ. ಅದೇ ನವೆಂಬರಿನಲ್ಲಿ ಕತಾರಿನಲ್ಲಿ ಗಂಡಸರ ವಿಶ್ವಕಪ್ ಶುರುವಾಯಿತು. ಅಲ್ಲಿಯ ಸ್ಟೇಡಿಯಮ್ಮುಗಳಿಗೆ ಬೆವರು ಸುರಿಸಿದವರು ಭಾರತ, ನೇಪಾಳ, ಬಾಂಗ್ಲಾದಿಂದ ಹೋದ ಕೂಲಿಗಳು. ಅವರಲ್ಲಿ ಎಷ್ಟು ಮಂದಿ ಒಳಗೆ ಕುಂತು ಆಟ ನೋಡಿದರು?

ಫತೋರ್ಡಾದಲ್ಲಿ ಚೀಟಿ ತೋರಿಸಿ ಒಳಗೆ ಹೋದೆವು. ಮೊದಲ ಆಟ ನೈಜೀರಿಯ, ಕೊಲಂಬಿಯ. ಖುರ್ಚಿಯ ಮುಂದೆ ಕಾಕಾ ಟವಲು ಹಿಡಿದು ನಿಂತೇ ಇದ್ದ. “ಇಲ್ಲೆ ಕುಂದ್ರಬಹುದೇನ?” ಅಂತ ಮೆಲ್ಲಗೆ ಕೇಳಿದ.

“ಚೀಟಿ ಐತಲ್ಲ, ಕುಂದರ ಮುತ್ಯಾ” ಅಂದಳು ಮಗಳು.

ಕುಂತ. ನೈಜೀರಿಯದ ಕರೇ ಹುಡುಗಿಯರು ಓಡಿದಾಗೆಲ್ಲ “ಹೊಡಿ ಮಗಳ, ಹೊಡಿ” ಅಂದ. ಗೋಲಾಗಲಿಲ್ಲ. ಪೆನಾಲ್ಟಿಯಲ್ಲಿ ಕೊಲಂಬಿಯ 6–5ರಿಂದ ಗೆದ್ದಾಗ ಎದ್ದು ನಿಂತು ಇಡೀ ಸ್ಟೇಡಿಯಮ್ಮಿಗೆ ಕೇಳುವಂತೆ ಬೈದ. ಕುಂದ್ರಲು ಅಪ್ಪಣೆ ಕೇಳಿದ್ದವನು ಬೈಯಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.